ಪಹಣಿಯಲ್ಲಿ ಸಿಗುವ ಅರಸು, ಹಾಡಿಗೆ ತಲುಪದ ಅರಸು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳ ಇತಿಹಾಸ ಅಂತ ಹುಡುಕಿದರೆ ಸಿಗೋ ಪಟ್ಟಿ ಹೆಚ್ಚುಕಮ್ಮಿ ಒಂದೇ. ಚಂಗಾಳ್ವರ ಕಾಲದ ಪಿರಿಯಾಪಟ್ಟಣದ ಕೋಟೆ, ಎಡತೊರೆಯ ಅರ್ಕೇಶ್ವರ, ಚುಂಚನಕಟ್ಟೆಯ ಕೋದಂಡರಾಮ ಮತ್ತು ಜಲಪಾತ, ಹೆಗ್ಗಡದೇವನ ಹೆಸರಿನ ಕೋಟೆ, ಅಮೃತ ಮಹಲ್ ದನಗಳ ಕೇಂದ್ರವಾಗಿದ್ದ ಹುಣಸೂರು. ಎಲ್ಲವೂ ನೋಡಬೇಕಾದ ಜಾಗಗಳೇ, ತಕರಾರಿಲ್ಲ. ಆದರೆ ಈ ಸೀಮೆಯ ಜನರ ಬದುಕನ್ನು ನಮ್ಮ ಅಜ್ಜಂದಿರ ಕಾಲದಲ್ಲಿ ಬದಲಾಯಿಸಿದ ಜಾಗ ಯಾವುದು ಅಂತ ನನ್ನನ್ನು ಕೇಳಿದರೆ, ನಾನು ತಾಲ್ಲೂಕು ಕಚೇರಿಯ ಹಳೇ ದಾಖಲೆ ಕೋಣೆಯನ್ನು ತೋರಿಸುತ್ತೇನೆ. ಯಾಕೆ ಅಂತ ಹೇಳೋಕೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಒಬ್ಬ ಮನುಷ್ಯನ ಕಥೆ ಹೇಳಬೇಕು.

ಡಿ. ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಜಾತಿಯಲ್ಲಿ ಅರಸು, ಅಂದರೆ ಮೈಸೂರು ರಾಜಮನೆತನದ ಬಂಧುಬಳಗದ ಸಮುದಾಯ. ಹೆಸರು ಕೇಳೋಕೆ ದೊಡ್ಡದು, ತಲೆ ಎಣಿಸಿದರೆ ತೀರಾ ಚಿಕ್ಕದು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎಸ್‌ಸಿ ಮುಗಿಸಿದರು. ತಮ್ಮ ಕೆಂಪರಾಜ ಅರಸು ಸಿನಿಮಾ ಕಡೆ ಹೋದರು. ಇವರು ಊರಿಗೆ ವಾಪಸ್ ಬಂದು ಬೇಸಾಯಕ್ಕೆ ಇಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ರಾಜಪ್ರಭುತ್ವದ ನಂಟಿನ ಮನೆಯ ಹುಡುಗ ಕಾಂಗ್ರೆಸ್ ಕಡೆ ನಿಂತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1952, 1957, 1962, 1967ರ ಚುನಾವಣೆಗಳಲ್ಲಿ ಹುಣಸೂರು ಅವರನ್ನು ವಿಧಾನಸಭೆಗೆ ಕಳಿಸಿತು. 60ರ ದಶಕದಲ್ಲಿ ಸಚಿವರೂ ಆದರು. ಆದರೂ ಆಗಿನ ಮೈಸೂರು ರಾಜ್ಯದ ರಾಜಕೀಯದಲ್ಲಿ ಅವರು ಎರಡನೇ ಸಾಲಿನವರೇ. ಕಾರಣ ಸರಳ. ಮುಖ್ಯಮಂತ್ರಿ ಕುರ್ಚಿ ಅನ್ನೋದು ಒಕ್ಕಲಿಗರು ಮತ್ತು ಲಿಂಗಾಯತರ ನಡುವಿನ ವ್ಯವಹಾರ ಆಗಿತ್ತು. ಏಕೀಕರಣದ ನಂತರ ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ್ ಸಾಲಾಗಿ ಬಂದರು. ಈ ಲೆಕ್ಕಾಚಾರದಲ್ಲಿ ಒಬ್ಬ ಅರಸುವಿಗೆ ಜಾಗ ಎಲ್ಲಿ?

ಜಾಗ ಸಿಕ್ಕಿದ್ದು 1969ರಲ್ಲಿ ಕಾಂಗ್ರೆಸ್ ಒಡೆದಾಗ. ನಿಜಲಿಂಗಪ್ಪನವರೇ ಆಗ ಪಕ್ಷದ ರಾಷ್ಟ್ರೀಯ ಅಧ್ಯಕ್ಷರು, ಹಾಗಾಗಿ ರಾಜ್ಯದ ಬಹುತೇಕ ಘಟಾನುಘಟಿಗಳು ಅವರ ಕಡೆ ನಿಂತರು. ಅರಸು ಇಂದಿರಾ ಗಾಂಧಿ ಕಡೆ ಹೋದರು, ರಾಜ್ಯದಲ್ಲಿ ಪಕ್ಷವನ್ನು ಹೊಸದಾಗಿ ಕಟ್ಟಿದರು. 1971ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸೀಟು ಬಂತು. 1972ರ ವಿಧಾನಸಭೆಯಲ್ಲಿ 216ರಲ್ಲಿ 165. ಇಂದಿರಾ ಅಲೆ ಇತ್ತು, ಒಪ್ಪೋಣ. ಆದರೆ ಅಲೆ ಯಾರನ್ನು ದಡ ಸೇರಿಸಿತು ಅನ್ನೋದು ಟಿಕೆಟ್ ಹಂಚಿದವರ ಕೈಲಿತ್ತು. ಅಲ್ಲಿಯವರೆಗೆ ವಿಧಾನಸೌಧದ ಮೆಟ್ಟಿಲು ಹತ್ತದ ಸಣ್ಣ ಜಾತಿಗಳ ಜನರನ್ನು ಅರಸು ಹುಡುಕಿ ತಂದರು. ಇದನ್ನು ಬರೀ ಔದಾರ್ಯ ಅಂತ ನಾನು ನೋಡುವುದಿಲ್ಲ. ತನ್ನದೇ ಜಾತಿಯ ಮತಬ್ಯಾಂಕು ಇಲ್ಲದವನಿಗೆ ಚಿಕ್ಕ ಜಾತಿಗಳನ್ನು ಒಟ್ಟುಗೂಡಿಸುವುದು ಬದುಕುವ ದಾರಿಯೂ ಹೌದು. ಅವರ ಸ್ವಾರ್ಥವೂ ನ್ಯಾಯವೂ ಒಂದೇ ದಿಕ್ಕಿಗೆ ಹೋದವು. ರಾಜಕೀಯದಲ್ಲಿ ಅಂಥದ್ದು ಅಪರೂಪಕ್ಕೆ ಆಗುತ್ತೆ.

1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ಅದೇ ವರ್ಷ ಎಲ್.ಜಿ. ಹಾವನೂರು ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚನೆಯಾಯಿತು. ಅದು 1975ರಲ್ಲಿ ವರದಿ ಕೊಟ್ಟಿತು, 1977ರ ಫೆಬ್ರವರಿಯಲ್ಲಿ ಸರ್ಕಾರಿ ಆದೇಶ ಬಂತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದದ್ದೂ ಇವರ ಕಾಲದಲ್ಲೇ.

ಈಗ ದಾಖಲೆ ಕೋಣೆಯ ವಿಷಯಕ್ಕೆ ಬರೋಣ. ಭೂಸುಧಾರಣಾ ಕಾಯ್ದೆ 1961ರಲ್ಲೇ ಆಗಿತ್ತು, 1965ರಿಂದ ಜಾರಿಯಲ್ಲೂ ಇತ್ತು. ಆದರೆ ಅದರ ತುಂಬ ಸಂದುಗೊಂದು. ಗೇಣಿದಾರ ತಾನು ಗೇಣಿದಾರ ಅಂತ ಸಾಬೀತು ಮಾಡೋಕೆ ಕೋರ್ಟಿಗೆ ಹೋಗಬೇಕು, ವಕೀಲರನ್ನು ಇಡಬೇಕು. ಎದುರಿಗೆ ಊರ ಧಣಿ. ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅವತ್ತಿನಿಂದ ಗೇಣಿಗೆ ಕೊಟ್ಟಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ 7ರಲ್ಲಿ ಅರ್ಜಿ ಹಾಕಿದರೆ ಜಮೀನು ಅವನ ಹೆಸರಿಗೆ.

ತೀರ್ಮಾನ ಮಾಡೋಕೆ ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ ಮಾಡಿದರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮಂಡಳಿ ಮುಂದೆ ವಕೀಲರು ವಾದ ಮಾಡುವ ಹಾಗಿಲ್ಲ. ಕಾಯ್ದೆಯ ಜೀವ ಇದ್ದದ್ದೇ ಇಲ್ಲಿ. ಕಾನೂನಿನ ಭಾಷೆ ಗೊತ್ತಿಲ್ಲದ ರೈತ ತನ್ನ ಬಾಯಲ್ಲೇ ತನ್ನ ಕಥೆ ಹೇಳಬಹುದಾಗಿತ್ತು, ಊರಿನವರು ಸಾಕ್ಷಿ ಹೇಳಬಹುದಾಗಿತ್ತು. ಅರ್ಜಿಯ ಗಡುವು ಮುಂದಕ್ಕೆ ಹೋಗುತ್ತಾ 1979ರ ಜೂನ್ 30ರವರೆಗೂ ಬಂತು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು, ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು.

ಇದು ಅರಸು ತಲೆಯಲ್ಲಿ ಒಂದು ಬೆಳಗ್ಗೆ ಹೊಳೆದ ಯೋಚನೆ ಅಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲೇ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. ಸಮಾಜವಾದಿಗಳು, ಶಾಂತವೇರಿ ಗೋಪಾಲಗೌಡರು ಎರಡು ದಶಕ ಇದನ್ನೇ ಕೇಳಿದ್ದರು. ಅರಸು ಮಾಡಿದ್ದು ಆ ಬೇಡಿಕೆಯನ್ನು ಕಾಯ್ದೆ ಮಾಡಿ, ಜಾರಿ ಮಾಡುವ ಯಂತ್ರವನ್ನೂ ಕಟ್ಟಿದ್ದು. ಬೀದಿಯ ಹೋರಾಟಕ್ಕೆ ಬೀದಿಯ ಪಾಲು, ಸರ್ಕಾರಕ್ಕೆ ಸರ್ಕಾರದ ಪಾಲು ಕೊಟ್ಟೇ ಲೆಕ್ಕ ಹಾಕಬೇಕು.

ಇಲ್ಲೊಂದು ವಿಚಿತ್ರ ಇದೆ. ಈ ಕಾಯ್ದೆಯ ಅತಿ ಹೆಚ್ಚು ಫಲ ಸಿಕ್ಕಿದ್ದು ಅರಸು ಅವರ ಸ್ವಂತ ಸೀಮೆಗೆ ಅಲ್ಲ. ಗೇಣಿ ಪದ್ಧತಿ ದಟ್ಟವಾಗಿದ್ದದ್ದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆ. ಹಳೇ ಮೈಸೂರಿನಲ್ಲಿ ಸಣ್ಣ ಹಿಡುವಳಿ ಇಟ್ಟುಕೊಂಡು ತಾವೇ ಉಳುವ ರೈತರೇ ಹೆಚ್ಚು. ಇನಾಂ ಹಳ್ಳಿಗಳೂ 50ರ ದಶಕದ ಕಾಯ್ದೆಗಳಲ್ಲೇ ರದ್ದಾಗಿದ್ದವು. ತನ್ನ ಕ್ಷೇತ್ರಕ್ಕೆ ಎಷ್ಟು ಸಿಗುತ್ತೆ ಅಂತ ನೋಡಿ ಯೋಜನೆ ಮಾಡುವ ಇಂದಿನ ರಾಜಕಾರಣಿಗಳ ಪಕ್ಕ ಇಟ್ಟು ನೋಡಿದರೆ ಇದು ದೊಡ್ಡದು ಅನ್ನಿಸುತ್ತೆ. ಇಲ್ಲೂ ಗೇಣಿದಾರರು ಇದ್ದರು, ನ್ಯಾಯಮಂಡಳಿಗಳು ಕೂತವು, ಪಹಣಿಯ ಹೆಸರುಗಳು ಬದಲಾದವು. ಹುಣಸೂರು, ಪಿರಿಯಾಪಟ್ಟಣದ ಕಡೆ ಇವತ್ತು ಎರಡು ಮೂರು ಎಕರೆಯಲ್ಲಿ ಹೊಗೆಸೊಪ್ಪು ಬೆಳೆದು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗೆ ಹೊರುವ ಎಷ್ಟೋ ಕುಟುಂಬಗಳಿಗೆ ಆ ಎಕರೆ ಬಂದ ದಾರಿಯಲ್ಲಿ ಎಲ್ಲೋ ಒಂದು ಫಾರಂ 7 ಇದ್ದೇ ಇರುತ್ತೆ.

ಇಲ್ಲಿಗೇ ನಿಲ್ಲಿಸಿದರೆ ಇದು ಆಗಸ್ಟ್ 20ರ ಭಾಷಣ ಆಗುತ್ತೆ. ಕಾಯ್ದೆ ಗೇಣಿದಾರನನ್ನು ನೋಡಿತು, ಕೂಲಿಯವನನ್ನು ಅಷ್ಟಾಗಿ ನೋಡಲಿಲ್ಲ. ಕುಟುಂಬಕ್ಕೆ ಇಷ್ಟೇ ಜಮೀನು ಅನ್ನೋ ಮಿತಿ ಕಾಗದದಲ್ಲಿತ್ತು, ಮಿತಿ ಮೀರಿದ ಜಮೀನು ಭೂಹೀನರಿಗೆ ಹಂಚಿಕೆಯಾದದ್ದು ತೀರಾ ಕಮ್ಮಿ. ದಲಿತರಲ್ಲಿ ಬಹಳ ಜನ ಗೇಣಿದಾರರೂ ಆಗಿರಲಿಲ್ಲ, ಕೂಲಿಗಳಾಗಿದ್ದರು, ಜೀತದಲ್ಲಿದ್ದರು. ಇನ್ನೊಂದು ಕಡೆ ಒಂದೆರಡು ಎಕರೆಯ ಗೇಣಿಯಲ್ಲೇ ಬದುಕಿದ್ದ ವಿಧವೆಯರೂ ಜಮೀನು ಕಳೆದುಕೊಂಡರು.

ಎಚ್.ಡಿ. ಕೋಟೆ ಕಡೆ ಹೋದರೆ ಚಿತ್ರ ಇನ್ನೂ ಕಹಿ. ಭೂಸುಧಾರಣೆ ಜಾರಿಗೆ ಬಂದ 1974ರಲ್ಲೇ ಬೀಚನಹಳ್ಳಿ ಬಳಿಯ ಕಬಿನಿ ಅಣೆಕಟ್ಟು ಮುಗಿಯಿತು. ಹಳ್ಳಿಗಳು, ಗದ್ದೆಗಳು, ಕಾಡು ಮುಳುಗಿದವು. 1972ರಲ್ಲಿ ವನ್ಯಜೀವಿ ಕಾಯ್ದೆ, 1973ರಲ್ಲಿ ಬಂಡೀಪುರದಲ್ಲಿ ಹುಲಿ ಯೋಜನೆ, ಪಕ್ಕದ ನಾಗರಹೊಳೆಯಲ್ಲೂ ಬಿಗಿಯಾದ ರಕ್ಷಣೆ. ಕಾಡಿನ ಹಾಡಿಗಳಲ್ಲಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರು ಹೊರಬಿದ್ದು ಕಾಫಿ ತೋಟದ ಲೈನ್‌ಮನೆಗೋ ರಸ್ತೆ ಬದಿಗೋ ಬಂದರು. ಅವರಿಗೆ ಧಣಿಯೂ ಇರಲಿಲ್ಲ, ಗೇಣಿ ಚೀಟಿಯೂ ಇರಲಿಲ್ಲ. ಯಾವ ಫಾರಂನಲ್ಲಿ ಅರ್ಜಿ ಹಾಕೋದು? ಕಾಡನ್ನು ಸರ್ಕಾರದ ಆಸ್ತಿ ಅಂತಲೇ ನೋಡುವ ಕಾನೂನು ಅರಸುಗಿಂತ ಹಳೆಯದು, ನಿಜ. ಆದರೆ ಅದನ್ನು ಪ್ರಶ್ನಿಸುವ ಅಧಿಕಾರ ಇದ್ದಾಗ ಅವರು ಪ್ರಶ್ನಿಸಲಿಲ್ಲ. ಉಳುವವನೇ ಒಡೆಯ ಅನ್ನೋ ತತ್ವಕ್ಕೆ ಉಳದೆ ಬದುಕುವವನು ಕಾಣಲಿಲ್ಲ. ಆದಿವಾಸಿಗಳ ಹಕ್ಕು ಕಾನೂನಿನ ಪುಸ್ತಕಕ್ಕೆ ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ.

ಇನ್ನೂ ಎರಡು ಪುಟಗಳನ್ನು ಮಡಚಿಡೋಕೆ ಆಗಲ್ಲ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಮಾತಿಗೆ ಬೂಸಾ ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಮಲ ಹೊರುವ ಪದ್ಧತಿ ನಿಲ್ಲಿಸಿದ ಆ ಸಚಿವರ ಪರ ನಿಲ್ಲುವ ಬದಲು ಅರಸು ರಾಜೀನಾಮೆ ಪಡೆದರು. ಆ ಸಿಟ್ಟಿನಿಂದ ದಲಿತ ಚಳವಳಿ ಬೆಳೆಯಿತು. ಎರಡನೆಯದು ತುರ್ತು ಪರಿಸ್ಥಿತಿ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರು ಜೈಲಿನಲ್ಲಿದ್ದಾಗ, ಆಸ್ತಮಾದಿಂದ ನರಳುತ್ತಿದ್ದ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿದ್ದಾಗ, ಮುಖ್ಯಮಂತ್ರಿ ಇವರೇ. ಜನತಾ ಸರ್ಕಾರ ನೇಮಿಸಿದ ಗ್ರೋವರ್ ಆಯೋಗ ಭ್ರಷ್ಟಾಚಾರದ ಕೆಲವು ಆರೋಪಗಳನ್ನು ಎತ್ತಿಹಿಡಿಯಿತು.

ಆದರೂ 1978ರಲ್ಲಿ ಜನ ಮತ್ತೆ ಗೆಲ್ಲಿಸಿದರು. ಅದೇ ವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಅವರನ್ನು ಗೆಲ್ಲಿಸಿ ಸಂಸತ್ತಿಗೆ ಕಳಿಸಿದ್ದು ಇದೇ ಅರಸು. ಮರುವರ್ಷವೇ ಇಬ್ಬರ ಸಂಬಂಧ ಮುರಿಯಿತು. 1980ರ ಜನವರಿಯಲ್ಲಿ ಲೋಕಸಭೆ ಚುನಾವಣೆ ಸೋತರು, ಶಾಸಕರು ರಾತ್ರೋರಾತ್ರಿ ಆ ಕಡೆ ಹಾರಿದರು, ಗುಂಡೂರಾವ್ ಮುಖ್ಯಮಂತ್ರಿಯಾದರು. ಅರಸು ಕ್ರಾಂತಿರಂಗ ಅಂತ ಹೊಸ ಪಕ್ಷ ಕಟ್ಟಲು ಹೊರಟು, 1982ರ ಜೂನ್ 6ರಂದು ತೀರಿಕೊಂಡರು. ಏಳೇ ತಿಂಗಳಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗ ಸೇರಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಮಾಡಿದವು. ನೋಡೋಕೆ ಅವರಿರಲಿಲ್ಲ.

ಇವತ್ತು ಅರಸು ಹೆಸರಿಗೇನೂ ಬರ ಇಲ್ಲ. ಹುಣಸೂರಿನ ಸರ್ಕಾರಿ ಕಾಲೇಜಿಗೆ, ಮೈಸೂರಿನ ರಸ್ತೆಗೆ, ಹಿಂದುಳಿದ ವರ್ಗಗಳ ನಿಗಮಕ್ಕೆ ಅವರದೇ ಹೆಸರು. ಎಲ್ಲ ಪಕ್ಷದವರೂ ಹಾರ ಹಾಕುತ್ತಾರೆ. ಆದರೆ ಕೃಷಿಯೇತರರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಂಗಳನ್ನು 2015ರಲ್ಲಿ ಒಂದು ಸರ್ಕಾರ ಸಡಿಲ ಮಾಡಿತು, 2020ರಲ್ಲಿ ಇನ್ನೊಂದು ಸರ್ಕಾರ ಕಿತ್ತೇ ಹಾಕಿತು. ಒಂದು ಫಾರಂ 7ರಿಂದ ಬಂದ ಎರಡೆಕರೆ ಈಗ ಒಂದು ಸೇಲ್ ಡೀಡ್‌ನಲ್ಲಿ ಹೋಗುತ್ತೆ. ಮೈಸೂರು ಹುಣಸೂರು ರಸ್ತೆಯಲ್ಲಿ ಒಮ್ಮೆ ಓಡಾಡಿ ಬನ್ನಿ, ಲೇಔಟ್ ಬೋರ್ಡುಗಳು ಎಷ್ಟು ದೂರ ಬಂದಿವೆ ಅಂತ ಕಾಣುತ್ತೆ.

ಅದಕ್ಕೇ ನಾನು ದಾಖಲೆ ಕೋಣೆ ಅಂದದ್ದು. ಭೂ ನ್ಯಾಯಮಂಡಳಿಯ ಕಡತಗಳಲ್ಲಿ ಸಾಮಾನ್ಯ ಜನ ತಮ್ಮ ಬಾಯಲ್ಲಿ ಹೇಳಿದ ಹೇಳಿಕೆಗಳಿವೆ: ಯಾರು ಯಾರ ಹೊಲ ಉಳುತ್ತಿದ್ದರು, ಎಷ್ಟು ಪಲ್ಲ ಅಳೆಯುತ್ತಿದ್ದರು, ಯಾರು ಸಾಕ್ಷಿಗೆ ಬಂದರು. ತಾಲ್ಲೂಕು ಕಚೇರಿಗಳ ಹಳೇ ದಾಖಲೆಗಳ ಸ್ಕ್ಯಾನಿಂಗ್ ಈಗ ನಡೀತಿದೆ. ಆ ಕಡತಗಳನ್ನೂ ಜೋಪಾನ ಮಾಡಿ, ಸಂಶೋಧಕರಿಗೆ, ಊರಿನವರಿಗೆ ತೆರೆದಿಡಿ ಅಂತ ಕೇಳುವುದು ನಮ್ಮ ಕೆಲಸ. ನಿಮ್ಮ ಮನೆಯ ಜಮೀನು ಯಾವ ದಾರಿಯಲ್ಲಿ ಬಂತು ಅಂತ ಮನೆಯ ಹಿರಿಯರನ್ನು ಒಮ್ಮೆ ಕೇಳಿ. ನಿಮ್ಮ ತಾಲ್ಲೂಕಿನ ಹಾಡಿಗಳಿಂದ ಅರಣ್ಯ ಹಕ್ಕಿಗೆ ಎಷ್ಟು ಅರ್ಜಿ ಬಂದಿವೆ, ಎಷ್ಟು ತಿರಸ್ಕಾರ ಆಗಿವೆ ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಮುಂದಿನ ಆಗಸ್ಟ್ 20ಕ್ಕೆ ಹಾರ ಹಿಡಿದು ಬರುವ ಶಾಸಕರ ಮುಂದೆ ಆ ಲೆಕ್ಕ ಇಟ್ಟು ಉತ್ತರ ಕೇಳಿ.