ಬೆಂಜಮಿನ್ ಫ್ರಾಂಕ್ಲಿನ್ನನ ವೇಳಾಪಟ್ಟಿ

ಕಾಲವನ್ನು ಹಾಳುಮಾಡಬಾರದೆಂದು ನಮಗೆ ಹೇಳದವರಿಲ್ಲ. ಪ್ರಾಥಮಿಕ ಶಾಲೆಯ ಗೋಡೆಬರಹದಿಂದ ಹಿಡಿದು ಬೀಳ್ಕೊಡುಗೆ ಸಮಾರಂಭದ ಭಾಷಣದವರೆಗೆ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಹೀಗೆ ಹೇಳುವವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರನ್ನು ಉದಾಹರಣೆಗೆ ತೆಗೆದುಕೊಳ್ಳುವುದುಂಟು. ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮಲಗುವ ಆತನ ದಿನಚರಿಯನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಆ ದಿನಚರಿಯ ಗತಿ ಕೊನೆಗೆ ಏನಾಯಿತೆಂಬುದನ್ನು ಕೇಳಿದವರು ಕಡಿಮೆ. ಆತನ ಆತ್ಮಕಥೆಯನ್ನು ಓದಿದಾಗ ನನ್ನ ಮನಸ್ಸನ್ನು ಹಿಡಿದದ್ದು ಈ ಎರಡನೆಯ ಸಂಗತಿಯೇ. ಆದುದರಿಂದ ಆ ಮಹಾಪುರುಷನ ಜೀವನವನ್ನು ಈ ದೃಷ್ಟಿಯಿಂದ ಸಹಪಾಠಿಗಳ ಮುಂದಿಡಲು ಯತ್ನಿಸುತ್ತೇನೆ.

ಫ್ರಾಂಕ್ಲಿನ್ 1706ರ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಹುಟ್ಟಿದನು. ತಂದೆ ಮೇಣದ ಬತ್ತಿ ಮತ್ತು ಸಾಬೂನು ಮಾಡಿ ಮಾರುವವನು. ಮನೆಯಲ್ಲಿ ಹದಿನೇಳು ಮಕ್ಕಳು. ಇವನಿಗೆ ಶಾಲೆಯ ಭಾಗ್ಯ ದೊರೆತದ್ದು ಸುಮಾರು ಎರಡು ವರ್ಷ ಮಾತ್ರ. ಹತ್ತನೆಯ ವಯಸ್ಸಿಗೆ ತಂದೆಯ ಅಂಗಡಿಯಲ್ಲಿ ಬತ್ತಿ ಕತ್ತರಿಸುವ ಕೆಲಸಕ್ಕೆ ನಿಂತನು. ಹನ್ನೆರಡನೆಯ ವಯಸ್ಸಿಗೆ ಅಣ್ಣ ಜೇಮ್ಸನ ಅಚ್ಚುಕೂಟದಲ್ಲಿ ಕರಾರು ಬರೆದುಕೊಟ್ಟು ಕೆಲಸ ಕಲಿಯತೊಡಗಿದನು. ಅಲ್ಲಿ ಹಗಲೆಲ್ಲ ದುಡಿತ. ಓದುವ ಹಂಬಲವಿದ್ದ ಹುಡುಗ ಸಮಯವನ್ನು ಊಟದ ಹೊತ್ತಿನಿಂದ ಕದ್ದನು. ತನ್ನ ಊಟಕ್ಕೆ ಅಣ್ಣ ಕೊಡುತ್ತಿದ್ದ ಹಣದಲ್ಲಿ ಅರ್ಧವನ್ನು ಕೈಗೆ ಕೊಟ್ಟರೆ ಸಾಕೆಂದು ಒಪ್ಪಿಸಿ, ಅದರಲ್ಲಿಯೂ ಅರ್ಧ ಉಳಿಸಿ ಪುಸ್ತಕ ಕೊಂಡನು. ಉಳಿದವರು ಊಟಕ್ಕೆ ಹೋದಾಗ ಒಂದು ತುಂಡು ರೊಟ್ಟಿ, ಒಂದು ಹಿಡಿ ದ್ರಾಕ್ಷಿ ತಿಂದು ನೀರು ಕುಡಿದು ಲೆಕ್ಕದ ಪುಸ್ತಕ ಹಿಡಿಯುತ್ತಿದ್ದನು.

ಅಣ್ಣನ ಹೊಡೆತ ತಾಳಲಾರದೆ 1723ರಲ್ಲಿ, ಕರಾರಿನ ಅವಧಿ ಮುಗಿಯುವ ಮೊದಲೇ, ಮನೆ ಬಿಟ್ಟು ಫಿಲಡೆಲ್ಫಿಯಕ್ಕೆ ಓಡಿಹೋದನು. ನಡುವೆ ಲಂಡನ್ನಿನ ಅಚ್ಚುಕೂಟಗಳಲ್ಲಿಯೂ ದುಡಿದು ಬಂದು, 1728ರಲ್ಲಿ ಗೆಳೆಯನೊಬ್ಬನ ಪಾಲುಗಾರಿಕೆಯಲ್ಲಿ ಫಿಲಡೆಲ್ಫಿಯದಲ್ಲಿ ಸ್ವಂತ ಅಚ್ಚುಕೂಟ ತೆರೆದನು. ಮುಂದಿನ ವರ್ಷ ಪೆನ್ಸಿಲ್ವೇನಿಯ ಗೆಜೆಟ್ ಎಂಬ ಪತ್ರಿಕೆ ಆತನ ಕೈಗೆ ಬಂದಿತು. ಪಾಲುಗಾರನು ಕುಡಿತಕ್ಕೆ ಬಿದ್ದನು. ಸಾಲಗಾರರು ನ್ಯಾಯಾಲಯ ಹತ್ತಿದರು. ಇಬ್ಬರು ಸ್ನೇಹಿತರು ಕೇಳದೆಯೇ ಹಣ ಕೊಟ್ಟದ್ದರಿಂದ 1730ರಲ್ಲಿ ಅಚ್ಚುಕೂಟ ಆತನೊಬ್ಬನದಾಯಿತು.

ಆ ದಿನಗಳ ಒಂದು ಸಂಗತಿ ನೆನಪಿನಲ್ಲಿಡತಕ್ಕದ್ದು. ದೊಡ್ಡದೊಂದು ಗ್ರಂಥದ ಮುದ್ರಣ ನಡೆದಿತ್ತು. ದಿನಕ್ಕೊಂದು ಹಾಳೆಯ ಮೊಳೆ ಜೋಡಿಸಿಯೇ ಮಲಗಬೇಕೆಂದು ಫ್ರಾಂಕ್ಲಿನ್ ನಿಯಮ ಮಾಡಿಕೊಂಡಿದ್ದನು. ಎಷ್ಟೋ ಸಲ ರಾತ್ರಿ ಹನ್ನೊಂದು ದಾಟುತ್ತಿತ್ತು. ಒಂದು ರಾತ್ರಿ ಕೆಲಸ ಮುಗಿಯಿತೆನ್ನುವಾಗ ಕಟ್ಟಿದ ಫಾರಮು ಒಡೆದು ಎರಡು ಪುಟಗಳ ಮೊಳೆಗಳು ಚೆಲ್ಲಾಪಿಲ್ಲಿಯಾದವು. ಆತನು ಅವನ್ನೆಲ್ಲ ಆರಿಸಿ ಮನೆಮನೆಗೆ ಹಾಕಿ, ಎರಡು ಪುಟಗಳನ್ನೂ ಹೊಸದಾಗಿ ಜೋಡಿಸಿದ ಮೇಲೆಯೇ ಮಲಗಿದನು. ಕಿಟಕಿಯ ಬೆಳಕನ್ನು ನೆರೆಹೊರೆಯವರು ನೋಡುತ್ತಿದ್ದರು. ಕೊಂಡ ಕಾಗದವನ್ನು ತಾನೇ ಕೈಗಾಡಿಯಲ್ಲಿಟ್ಟು ಬೀದಿಯಲ್ಲಿ ತಳ್ಳಿಕೊಂಡು ಬರುವುದನ್ನೂ ನೋಡುತ್ತಿದ್ದರು. ಊರು ನೋಡಲಿ ಎಂಬ ಎಣಿಕೆಯೂ ತನಗಿತ್ತೆಂದು ಆತನೇ ಮರೆಮಾಚದೆ ಬರೆದಿದ್ದಾನೆ. ಸಾಲದ ಮೇಲೆ ನಿಂತ ವ್ಯಾಪಾರಿಗೆ ಜನರ ನಂಬಿಕೆಯೇ ಬಂಡವಾಳ.

ಇನ್ನು ಆ ಪ್ರಸಿದ್ಧ ವೇಳಾಪಟ್ಟಿ. ಫ್ರಾಂಕ್ಲಿನ್ ಹದಿಮೂರು ಗುಣಗಳನ್ನು ಪಟ್ಟಿಮಾಡಿ, ವಾರಕ್ಕೊಂದರಂತೆ ಅಭ್ಯಾಸ ಮಾಡಲು ಸಣ್ಣ ಪುಸ್ತಕವೊಂದನ್ನು ಇಟ್ಟುಕೊಂಡನು. ತಪ್ಪಿದ ದಿನ ಅದರಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದನು. ಆ ಗುಣಗಳಲ್ಲಿ ಒಂದು ಕ್ರಮಬದ್ಧತೆ. ಅದಕ್ಕಾಗಿ ಇಪ್ಪತ್ತನಾಲ್ಕು ಗಂಟೆಗಳನ್ನು ಹಂಚಿದನು. ಐದಕ್ಕೆ ಎದ್ದು ಪ್ರಾರ್ಥನೆ, ದಿನದ ಕೆಲಸದ ಯೋಜನೆ, ಅಭ್ಯಾಸ. ಎಂಟರಿಂದ ಹನ್ನೆರಡರವರೆಗೆ ದುಡಿಮೆ. ಮುಂದೆ ಎರಡು ಗಂಟೆ ಓದು, ಲೆಕ್ಕಪತ್ರ ನೋಡುವುದು, ಊಟ. ಎರಡರಿಂದ ಆರರವರೆಗೆ ಮತ್ತೆ ದುಡಿಮೆ. ಆಮೇಲೆ ಸಾಮಾನುಗಳನ್ನು ಅವುಗಳ ಜಾಗದಲ್ಲಿಡುವುದು, ಊಟ, ಸಂಗೀತ, ಮಾತುಕತೆ, ದಿನದ ಪರಿಶೀಲನೆ. ಹತ್ತಕ್ಕೆ ನಿದ್ದೆ. ಈ ದಿನ ಯಾವ ಒಳ್ಳೆಯದನ್ನು ಮಾಡಬೇಕೆಂದು ಬೆಳಗ್ಗೆ, ಏನು ಮಾಡಿದೆನೆಂದು ಸಂಜೆ, ತನ್ನನ್ನೇ ಕೇಳಿಕೊಳ್ಳಬೇಕು.

ಹದಿಮೂರು ಗುಣಗಳಲ್ಲಿ ಆತನನ್ನು ಅತ್ಯಂತ ಕಾಡಿದ್ದು ಈ ಕ್ರಮಬದ್ಧತೆಯೇ. ಕಾರಣವನ್ನು ಆತನು ಸರಿಯಾಗಿ ಕಂಡುಕೊಂಡನು. ಕೂಲಿಗೆ ದುಡಿಯುವ ಅಚ್ಚುಕೆಲಸಗಾರನು ಗಂಟೆಗೆ ತಕ್ಕಂತೆ ನಡೆಯಬಹುದು, ಯಜಮಾನನು ನಡೆಯಲಾರನು. ವ್ಯವಹಾರಕ್ಕೆ ಬರುವ ಜನ ತಮಗೆ ಅನುಕೂಲವಾದ ಹೊತ್ತಿಗೆ ಬರುತ್ತಾರೆ. ಆ ಹೊತ್ತಿಗೆ ಆತನು ಎದ್ದು ಮಾತನಾಡಿಸಲೇಬೇಕು.

ಈ ಪುಟವನ್ನು ಓದಿದಾಗ ನನಗೆ ನಮ್ಮ ತಂದೆಯವರ ನೆನಪಾಯಿತು. ಅವರು ಊರಿನಲ್ಲಿ ಸಣ್ಣ ಹಿಟ್ಟಿನ ಗಿರಣಿ ನಡೆಸುತ್ತಾರೆ. ಕರೆಂಟು ಇದ್ದಾಗ ಜನ ಇರುವುದಿಲ್ಲ; ಜನ ಬಂದಾಗ ಕರೆಂಟು ಇರುವುದಿಲ್ಲ. ಊಟಕ್ಕೆ ಕುಳಿತ ಹೊತ್ತಿಗೆ ಯಾರಾದರೂ ರಾಗಿ ಚೀಲ ಹೊತ್ತು ತಂದರೆ ಅರ್ಧ ಊಟದಲ್ಲಿ ಕೈ ತೊಳೆದು ಹೋಗುತ್ತಾರೆ. ಇಂತಹ ಬದುಕಿಗೆ ಶಿಸ್ತಿಲ್ಲವೆಂದು ಓದಿದವರು ಹೇಳುವುದನ್ನು ಕೇಳಿದ್ದೇನೆ. ಗಂಟೆ ಬಾರಿಸಿದಾಗ ಎದ್ದು ಹೋಗುವ ನಮ್ಮಂಥವರ ಶಿಸ್ತು ಬೇರೆ, ಗಿರಾಕಿಯ ಹೊತ್ತನ್ನೇ ತನ್ನ ಹೊತ್ತಾಗಿ ಮಾಡಿಕೊಂಡವನ ಶಿಸ್ತು ಬೇರೆ ಎಂಬುದು ನನಗೆ ಸ್ಪಷ್ಟವಾದದ್ದು ಈ ಅಚ್ಚುಕೂಟದ ಯಜಮಾನನಿಂದ.

ಹಾಗೆಂದು ಫ್ರಾಂಕ್ಲಿನ್ ಕೈಚೆಲ್ಲಿ ಕೂರಲಿಲ್ಲ. ಕೊಡಲಿಯ ಬಾಯಿಯಂತೆ ಅದರ ಮೈಯೆಲ್ಲ ಹೊಳೆಯಬೇಕೆಂದು ಬಯಸಿದವನೊಬ್ಬನ ಕತೆಯನ್ನು ಆತನು ಹೇಳುತ್ತಾನೆ. ಸಾಣೆಕಲ್ಲು ತಿರುಗಿಸಿ ತಿರುಗಿಸಿ ದಣಿದು, ಆ ಮನುಷ್ಯ ಚುಕ್ಕೆಚುಕ್ಕೆಯ ಕೊಡಲಿಯೇ ಚೆನ್ನೆಂದು ಮನೆಗೆ ಒಯ್ದನಂತೆ. ತಾನೂ ಅವನಂತೆಯೇ ಎಂದು ಫ್ರಾಂಕ್ಲಿನ್ ನಗುತ್ತಾನೆ; ಆದರೂ ಪ್ರಯತ್ನ ಮಾಡದಿದ್ದರೆ ಎಷ್ಟು ಕೆಡುತ್ತಿದ್ದೆನೋ ಅದಕ್ಕಿಂತ ಮೇಲಾದೆನೆಂದು ಒಪ್ಪುತ್ತಾನೆ.

ಗಂಟೆಗಳ ಪಟ್ಟಿ ಸೋತ ಕಡೆ ಆತನನ್ನು ಗೆಲ್ಲಿಸಿದವು ಎರಡು: ಚೊಕ್ಕ ಲೆಕ್ಕ ಮತ್ತು ನಂಬಿಗಸ್ತ ಸಹಾಯಕರು. 1730ರಲ್ಲಿ ಆತನ ಕೈಹಿಡಿದ ಡೆಬೊರ ಅಂಗಡಿ ನೋಡಿಕೊಂಡಳು, ಕಿರುಪುಸ್ತಕಗಳನ್ನು ಮಡಿಸಿ ಹೊಲಿದಳು, ಕಾಗದ ಮಾಡುವವರಿಗಾಗಿ ಹಳೆಯ ಬಟ್ಟೆ ಕೊಂಡಳು. ತನ್ನಲ್ಲಿ ಪಳಗಿದ ಕೆಲಸಗಾರರಿಗೆ ಬೇರೆ ಊರುಗಳಲ್ಲಿ ಅಚ್ಚುಕೂಟ ಹಾಕಿಕೊಟ್ಟು ಪಾಲು ಪಡೆದನು. ಚಾರ್ಲ್ಸ್‌ಟನ್ನಿನ ಪಾಲುಗಾರ ತಿಮೊತಿ ವಿದ್ಯಾವಂತನಾದರೂ ಲೆಕ್ಕ ಅರಿಯದವನು. ಅವನು 1738ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಎಲಿಜಬೆತ್ ಅಚ್ಚುಕೂಟ ನಡೆಸಿ, ಮೂರು ತಿಂಗಳಿಗೊಮ್ಮೆ ತಪ್ಪದೆ ಲೆಕ್ಕ ಕಳುಹಿಸಿದಳು. ಹೆಣ್ಣುಮಕ್ಕಳಿಗೆ ಲೆಕ್ಕಪತ್ರ ಕಲಿಸಬೇಕೆಂದು ಫ್ರಾಂಕ್ಲಿನ್ ಇದರಿಂದಲೇ ಉಪದೇಶಿಸಿದನು. 1748ರಲ್ಲಿ, ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ, ಡೇವಿಡ್ ಹಾಲ್ ಎಂಬಾತನೊಡನೆ ಹದಿನೆಂಟು ವರ್ಷಗಳ ಕರಾರು ಮಾಡಿಕೊಂಡು ಅಚ್ಚುಕೂಟವನ್ನು ಅವನ ಕೈಗೆ ಒಪ್ಪಿಸಿದನು. 1752ರ ಗಾಳಿಪಟದ ಪ್ರಯೋಗ, ಮುಂದಿನ ರಾಜಕಾರ್ಯಗಳು ಇವೆಲ್ಲ ಹೀಗೆ ದೊರೆತ ಬಿಡುವಿನ ಫಲ.

ಈ ಬಿಡುವಿಗೆ ಬೆಲೆ ತೆತ್ತವರೂ ಇದ್ದಾರೆ. ವಸಾಹತುಗಳ ಕೆಲಸಕ್ಕೆಂದು 1757ರಿಂದ ಬಹುಕಾಲ ಆತನು ಇಂಗ್ಲೆಂಡಿನಲ್ಲಿಯೇ ಉಳಿದನು. ಡೆಬೊರ 1774ರಲ್ಲಿ ಗಂಡನ ಮುಖ ಕಾಣದೆ ಪ್ರಾಣಬಿಟ್ಟಳು. ಆತನ ಮನೆಯಲ್ಲಿ ಗುಲಾಮರಿದ್ದರು. ಯಜಮಾನನಿಂದ ತಪ್ಪಿಸಿಕೊಂಡು ಓಡಿಬಂದವನು ನಡೆಸಿದ ಪತ್ರಿಕೆಯಲ್ಲಿಯೇ ಓಡಿಹೋದ ಗುಲಾಮರನ್ನು ಹಿಡಿದುಕೊಡಿರೆಂಬ ಜಾಹೀರಾತುಗಳು ಅಚ್ಚಾದವು. ಒಂದು ಗಂಟೆಯೂ ತನ್ನದಲ್ಲದ ಮನುಷ್ಯನಿಗೆ ವೇಳಾಪಟ್ಟಿಯ ಮಾತೆಲ್ಲಿ? ಮುಪ್ಪಿನಲ್ಲಿ ಆತನು ಇದನ್ನು ಅರಿತನು. 1787ರಲ್ಲಿ ಗುಲಾಮಗಿರಿಯನ್ನು ವಿರೋಧಿಸುವ ಸಂಘದ ಅಧ್ಯಕ್ಷನಾದನು. 1790ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಬೇಕೆಂದು ಅಮೆರಿಕದ ಕಾಂಗ್ರೆಸ್ಸಿಗೆ ಸಲ್ಲಿಸಿದ ಮನವಿಗೆ ಸಹಿ ಹಾಕಿದನು. ಅದೇ ವರ್ಷ ಏಪ್ರಿಲ್ 17ರಂದು ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಹೊಸದಾಗಿ ಕಸುಬು ಹಿಡಿಯುವ ತರುಣರಿಗೆ ಸಾಲ ಕೊಡಲೆಂದು ಬಾಸ್ಟನ್ ಮತ್ತು ಫಿಲಡೆಲ್ಫಿಯ ನಗರಗಳಿಗೆ ತಲಾ ಸಾವಿರ ಪೌಂಡು ಬಿಟ್ಟಿದ್ದನು. ಆ ಏರ್ಪಾಟಿನ ಅವಧಿ ಇನ್ನೂರು ವರ್ಷ. ಅದು ಮುಗಿದದ್ದು 1990ರಲ್ಲಿ.

ಈ ವರ್ಷ ಪರೀಕ್ಷೆ ಮುಗಿಸಿ ಹೊರಡುವ ನಮ್ಮಲ್ಲಿ ಎಲ್ಲರಿಗೂ ನೌಕರಿ ಸಿಗಲಾರದು. ಕೆಲವರು ಅಂಗಡಿ ಇಡಬಹುದು, ಕೆಲವರು ಹಿರಿಯರ ಕಸುಬಿಗೆ ಮರಳಬಹುದು. ಅಲ್ಲಿ ಕಾಲೇಜಿನ ಗಂಟೆ ಬಾರಿಸುವುದಿಲ್ಲ. ಮಾಡಿದ ವೇಳಾಪಟ್ಟಿ ಮೊದಲ ವಾರದಲ್ಲಿಯೇ ಮುರಿದರೆ ಎದೆಗುಂದಬೇಕಾಗಿಲ್ಲ. ಸಂಜೆ ಲೆಕ್ಕ ಬರೆದಿಟ್ಟೆವೇ, ನಮ್ಮ ಬಿಡುವಿಗಾಗಿ ಮನೆಯಲ್ಲಿ ಯಾರು ದಣಿದರು, ಇವೆರಡನ್ನು ಮಲಗುವ ಮುನ್ನ ಕೇಳಿಕೊಂಡರೆ ಆ ದಿನ ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.