ಟೈರ್ ಸವೆದಾಗ ನೆನಪಾದ ಆಕರ್‌ಮನ್

ನಮ್ಮ ಕ್ಯಾಂಟೀನ್‌ಗೆ ತರಕಾರಿ ತರೋ ಹಳೇ ಪಿಕಪ್‌ನ ಮುಂದಿನ ಟೈರ್ ಅಂಚಿನಲ್ಲಿ ಮಾತ್ರ ಸವೆಯುತ್ತಿತ್ತು. ಗಾಳಿ ಕಮ್ಮಿ ಇದ್ದರೆ ಎರಡೂ ಅಂಚು ಸವೆಯುತ್ತೆ, ಜಾಸ್ತಿ ಇದ್ದರೆ ನಡುಭಾಗ ಸವೆಯುತ್ತೆ. ಇಲ್ಲಿ ಎರಡೂ ಅಲ್ಲ. ಡ್ರೈವರ್ ಅಣ್ಣ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ್ದರು, ನೇರ ಹೋಗುವಾಗ ಎಲ್ಲ ಸರಿಯಾಗೇ ಇತ್ತು. ಗೇಟಿನ ಹತ್ತಿರ ಪೂರ್ತಿ ತಿರುಗಿಸುವಾಗ ಮಾತ್ರ ಟೈರ್ ಕಿರ್ ಅಂತಿತ್ತು. ಕೊನೆಗೆ ಗ್ಯಾರೇಜಿನಲ್ಲಿ ಗೊತ್ತಾಗಿದ್ದು, ಸ್ಟೀರಿಂಗ್ ಆರ್ಮ್ ಬಾಗಿದೆ. ಕೈನೆಮ್ಯಾಟಿಕ್ಸ್‌ನಲ್ಲಿ ನಾವೆಲ್ಲ ಬರೆದ ಆಕರ್‌ಮನ್ ಚಿತ್ರ ಕಣ್ಣ ಮುಂದೆ ಬಂತು. ಚಿತ್ರ ಬರುತ್ತೆ ಸರಿ, ಆದರೆ ಈ ಆಕರ್‌ಮನ್ ಯಾರು?

ರುಡಾಲ್ಫ್ ಆಕರ್‌ಮನ್ ಹುಟ್ಟಿದ್ದು 1764ರಲ್ಲಿ, ಜರ್ಮನಿಯ ಸ್ಯಾಕ್ಸನಿ ಸೀಮೆಯ ಸ್ಟೋಲ್‌ಬರ್ಗ್‌ನಲ್ಲಿ. ಮನೆಯ ಕಸುಬು ಕುದುರೆ ಜೀನು ಮಾಡುವುದು, ಹುಡುಗನೂ ಅದನ್ನೇ ಕಲಿತ. ಆದರೆ ಕೈಯಲ್ಲಿ ಚಿತ್ರಕಲೆ ಇತ್ತು. ಸಾರೋಟು ವಿನ್ಯಾಸ ಮಾಡುತ್ತ ಊರೂರು ಸುತ್ತಿ, 1780ರ ದಶಕದ ಕೊನೆಯಲ್ಲಿ ಲಂಡನ್‌ಗೆ ಬಂದ. 1795ರಲ್ಲಿ ಅಲ್ಲಿನ ಸ್ಟ್ರಾಂಡ್ ಬೀದಿಯಲ್ಲಿ ಮುದ್ರಿತ ಚಿತ್ರಗಳ ಅಂಗಡಿ ತೆರೆದ. ನಮಗೆ ಆಶ್ಚರ್ಯ ಆಗಿದ್ದು ಇಲ್ಲೇ: ಆಗಿನ ಲಂಡನ್‌ಗೆ ಈತ ಮುಖ್ಯವಾಗಿ ಪ್ರಕಾಶಕ! ಕೈಯಿಂದ ಬಣ್ಣ ಹಚ್ಚಿದ ಚಿತ್ರಗಳ ಪುಸ್ತಕ ತಂದ, 1809ರಿಂದ ಕಲೆ, ಫ್ಯಾಷನ್‌ಗಳ ಮಾಸಪತ್ರಿಕೆ ನಡೆಸಿದ. ಬಂಡಿಯ ನಂಟು ಮಾತ್ರ ಬಿಡಲಿಲ್ಲ. ನೆಲ್ಸನ್‌ನ ಶವಯಾತ್ರೆಯ ರಥ ಸಿದ್ಧಪಡಿಸುವ ಕೆಲಸ ವಹಿಸಿದ್ದು ಈತನಿಗೇ. 1813ರ ಲೈಪ್ಜಿಗ್ ಯುದ್ಧದಲ್ಲಿ ಹುಟ್ಟಿದ ನಾಡು ಹಾಳಾದಾಗ ಅಲ್ಲಿಯವರಿಗಾಗಿ ಲಂಡನ್‌ನಲ್ಲಿ ಹಣ ಕೂಡಿಸಿದ.

ಆಗಿನ ಸಾರೋಟಿನಲ್ಲಿ ಮುಂದಿನ ಅಚ್ಚು ಪೂರ್ತಿ ಒಂದೇ ಗೂಟದ ಮೇಲೆ ತಿರುಗುತ್ತಿತ್ತು. ಪೂರ್ತಿ ತಿರುಗಿಸಿದರೆ ಚಕ್ರ ಬಂಡಿಯ ಅಡಿಗೆ ಬರುತ್ತೆ, ಬಂಡಿ ಮಗುಚುವ ಭಯ. ಮ್ಯೂನಿಕ್‌ನ ಸಾರೋಟು ತಯಾರಕ ಗಿಯೋರ್ಗ್ ಲಾಂಕೆನ್ಸ್‌ಪೆರ್ಗರ್ ಇದಕ್ಕೊಂದು ದಾರಿ ಕಂಡುಕೊಂಡ: ಅಚ್ಚು ಅಲ್ಲಾಡಬಾರದು, ಎರಡೂ ಚಕ್ರ ತಮ್ಮ ತಮ್ಮ ಗೂಟದ ಮೇಲೆ ತಿರುಗಬೇಕು. ಅವನ ಪರವಾಗಿ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು ಆಕರ್‌ಮನ್. ಅಂದರೆ ಪರೀಕ್ಷೆಯಲ್ಲಿ ನಾವು ಬರೆಯೋದು ಏಜೆಂಟನ ಹೆಸರು! ಇನ್ನೂ ಹಿಂದೆ ಹೋದರೆ, ಚಾರ್ಲ್ಸ್ ಡಾರ್ವಿನ್‌ನ ಅಜ್ಜ, ವೈದ್ಯ ಎರಾಸ್ಮಸ್ ಡಾರ್ವಿನ್‌ಗೆ ಇದೇ ಯೋಚನೆ ಸುಮಾರು 60 ವರ್ಷ ಮೊದಲೇ ಹೊಳೆದಿತ್ತು. ಆತ ಪೇಟೆಂಟ್ ಮಾಡಿಸಲಿಲ್ಲ. ಲಾಂಕೆನ್ಸ್‌ಪೆರ್ಗರ್‌ಗೆ ಅನ್ಯಾಯ ಆಯ್ತು ಅಂತ ನಮಗನಿಸುತ್ತೆ. ಆದರೆ ಮಾರುವ ಕೆಲಸಕ್ಕೆ ನಿಂತು, ಬೇಡ ಅನ್ನಿಸಿಕೊಂಡದ್ದು ಆಕರ್‌ಮನ್ನೇ. ಲಂಡನ್‌ನ ಸಾರೋಟು ತಯಾರಕರು ಒಪ್ಪಲಿಲ್ಲ. 1834ರಲ್ಲಿ ಆತ ತೀರಿಕೊಂಡಾಗ ಈ ಸ್ಟೀರಿಂಗ್ ಇನ್ನೂ ಬಳಕೆಗೆ ಬಂದಿರಲಿಲ್ಲ.

1886ರಲ್ಲಿ ಪೇಟೆಂಟ್ ಆದ ಕಾರ್ಲ್ ಬೆಂಜ್‌ನ ಕಾರಿಗೂ ಮೂರೇ ಚಕ್ರ, ಯಾಕೆಂದರೆ ಮುಂದಿನ ಎರಡು ಚಕ್ರ ತಿರುಗಿಸುವ ಸಮಸ್ಯೆ ಅವನಿಗೂ ಬಗೆಹರಿದಿರಲಿಲ್ಲ. ತಿರುವಿನಲ್ಲಿ ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿ ಓಡುತ್ತೆ, ಹಾಗಾಗಿ ಅದು ಹೆಚ್ಚು ತಿರುಗಬೇಕು. ಮುಂದಿನ ಹಿಂದಿನ ಅಚ್ಚುಗಳ ನಡುವೆ 3 ಮೀಟರ್, ಎರಡು ಗೂಟಗಳ ನಡುವೆ 1.4 ಮೀಟರ್ ಇರುವ ಗಾಡಿಯಲ್ಲಿ ಒಳಚಕ್ರ 20 ಡಿಗ್ರಿ ತಿರುಗಿದರೆ ಹೊರಚಕ್ರ ಸುಮಾರು 17.3 ಡಿಗ್ರಿ ತಿರುಗಬೇಕು ಅನ್ನುತ್ತೆ ಪುಸ್ತಕದ ಲೆಕ್ಕ. ನಿಜವಾದ ಗಾಡಿಗಳು ಇದನ್ನ ಚಾಚೂ ತಪ್ಪದೆ ಪಾಲಿಸಲ್ಲ, ಅದು ಬೇರೆ ಮಾತು. ಈ ಕೋನದ ವ್ಯತ್ಯಾಸ ತರೋದು ಓರೆಯಾಗಿ ಕೂರಿಸಿದ ಸ್ಟೀರಿಂಗ್ ಆರ್ಮ್. ಅದು ಬಾಗಿದರೆ ತಿರುವಿನಲ್ಲಿ ಟೈರ್ ಉರುಳುವ ಬದಲು ರಸ್ತೆಗೆ ಉಜ್ಜುತ್ತೆ. ಟೈ ರಾಡ್ ಸರಿಮಾಡಿ ನೇರ ಹೋಗುವಾಗಿನ ಟೋ ಕೂರಿಸಿಬಿಡಬಹುದು, ತಿರುವಿನ ಕೋನ ಮಾತ್ರ ಅದರಿಂದ ಸರಿಯಾಗಲ್ಲ. ಪಿಕಪ್‌ನ ಕಥೆಯೂ ಇದೇ.

ಹೊಸ ಆರ್ಮ್ ಹಾಕಿಸಿ, ಎರಡೂ ಚಕ್ರವನ್ನ ಟರ್ನ್‌ಟೇಬಲ್ ಮೇಲಿಟ್ಟು ಕೋನ ನೋಡಿದ ಮೇಲೆ ಗಾಡಿ ಗೇಟಿನಲ್ಲಿ ಸದ್ದಿಲ್ಲದೆ ತಿರುಗಿತು. ಸವೆದ ಟೈರ್ ಎರಡೂ ಈಗ ಕ್ಯಾಂಟೀನ್ ಹಿಂದೆ ಬಿದ್ದಿವೆ, ಅಂಚು ಸವರಿ ನೋಡಬೇಕಾದವರು ಹೋಗಿ ನೋಡಬಹುದು.