ಮಲೆಯ ಮಾದೇಶ್ವರರು

ನಮ್ಮ ತಾಳವಾಡಿ ಸೀಮೆಯ ಆರಾಧ್ಯರಾದ ಮಾದೇಶ್ವರರು 14–15ನೆಯ ಶತಮಾನದ ಶರಣರೆಂದು ಪ್ರತೀತಿ. ಉತ್ತರಾಜಮ್ಮನ ಮಗನಾಗಿ ಜನಿಸಿ, ಸುತ್ತೂರು, ಕುಂತೂರು ಮಠಗಳಲ್ಲಿದ್ದು, ಏಳುಮಲೆಗೆ ಬಂದು, ದೇವತೆಗಳನ್ನು ಸೆರೆಯಿಟ್ಟಿದ್ದ ಶ್ರವಣನನ್ನು ಸಂಹರಿಸಿದರೆಂದು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ.

ಆ ಕಾವ್ಯದಲ್ಲಿ ಸಂಕಮ್ಮನ ಸಾಲು ನಮ್ಮನ್ನು ಹೆಚ್ಚು ಕಲಕುತ್ತದೆ. ಪತ್ನಿಯ ಶೀಲವನ್ನು ಶಂಕಿಸಿದ ಸೋಲಿಗರ ನೀಲೇಗೌಡನು ಬಲಗೈ ಭಾಷೆ ಬೇಡಿದನು. ಆಕೆ ಒಪ್ಪದಿರಲು ಮಾಟಮಂತ್ರದಿಂದ ಬಂಧಿಸಿ ಕಾಡಿಗೆ ಹೋದನು. ಭಿಕ್ಷುಕರ ವೇಷದಲ್ಲಿ ಬಂದ ಮಾದೇಶ್ವರರು ಆ ಕಟ್ಟನ್ನು ಬಿಡಿಸಿ, ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳನ್ನು ಕರುಣಿಸಿದರು.

ಮುಂದಿನ ಶತಮಾನಗಳಲ್ಲಿ ಯೂರೋಪು ಮಾಟಗಾತಿಯರೆಂಬ ಶಂಕೆಯಿಂದ ಸಾವಿರಾರು ಸ್ತ್ರೀಯರನ್ನು ಕೊಂದಿತು. ಅಲ್ಲಿನ ಚಿತ್ರಕಾರರು ಅವರನ್ನು ವಿಕಾರವಾಗಿ ಚಿತ್ರಿಸಿದರು. ನಮ್ಮ ಅನಕ್ಷರಸ್ಥ ಗಾಯಕರಾದರೋ ಶಂಕಿತಳ ಪಕ್ಷದಲ್ಲಿ ದೇವರನ್ನೇ ನಿಲ್ಲಿಸಿದರು. ಮಾಟದ ಹೆಸರಿನಲ್ಲಿ ಹೆಣ್ಣನ್ನು ದೂರುವ ಮಾತು ಕಿವಿಗೆ ಬಿದ್ದಾಗ, ನಮ್ಮ ಮಕ್ಕಳೂ ಆಕೆಯ ಪಕ್ಷದಲ್ಲಿ ನಿಲ್ಲಲಿ.